ಹಾಜರಿ ಪುಸ್ತಕದಲ್ಲಿ ಹೆಸರು

ಗಂಗಾವತಿ ಸೀಮೆಯಲ್ಲಿ ಭತ್ತದ ಮಾತು ಬಂದರೆ ಅದು ಚೀಲದ ಲೆಕ್ಕದಲ್ಲಿಯೇ ಬರುತ್ತದೆ. ಬೇರೆ ಕಡೆಯ ರೈತರು ಕ್ವಿಂಟಲ್‌ಗೆ ಎಷ್ಟು ಎಂದು ಕೇಳುತ್ತಾರೆ, ಇಲ್ಲಿಯವರು ಚೀಲಕ್ಕೆ ಎಷ್ಟು ಎನ್ನುತ್ತಾರೆ. ಚೀಲವೆಂದರೆ 75 ಕಿಲೊ. ದರ ಏರಿತು, ಇಳಿಯಿತು ಎಂಬ ಸುದ್ದಿ ಪತ್ರಿಕೆಯಲ್ಲಿಯೂ ಇದೇ ಲೆಕ್ಕದಲ್ಲಿ ಅಚ್ಚಾಗುತ್ತದೆ. ಅದನ್ನು ಓದುವಾಗ ಆ 75 ಕಿಲೊ ಒಬ್ಬ ಮನುಷ್ಯನ ಬೆನ್ನ ಮೇಲೆ ಕೂತು ಲಾರಿ ಏರುತ್ತದೆ ಎಂಬುದು ನಮಗೆ ನೆನಪಾಗುವುದಿಲ್ಲ.

ಶಾಲಾ ಮಕ್ಕಳಿಗೆ ಒಂದು ಸಣ್ಣ ಲೆಕ್ಕ ಕೊಡುತ್ತೇನೆ. ಒಂದು ಲಾರಿಗೆ ಹತ್ತು ಟನ್ ಭತ್ತ ಹಾಕಬೇಕು, ನಾಲ್ಕು ಜನ ಹಮಾಲರಿದ್ದಾರೆ. ಎಷ್ಟು ಚೀಲ? ನೂರಮೂವತ್ತಮೂರು. ತಲೆಗೆ ಮೂವತ್ತಮೂರು ಚೀಲ, ಅಂದರೆ ಒಬ್ಬೊಬ್ಬನ ಬೆನ್ನಿಗೆ ಎರಡೂವರೆ ಟನ್. ಇದು ಒಂದು ಲಾರಿಯ ಮಾತು. ಸುಗ್ಗಿಯಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತವೆ. ವಯಸ್ಕ ಗಂಡಾಳು ಹೊರುವ ಹೊರೆ 55 ಕಿಲೊ ಮೀರಿದ್ದಲ್ಲಿ ಅದನ್ನು ಆದಷ್ಟು ಬೇಗ ಆ ಮಟ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿದೆ. ಜಿನೀವಾದ ಆ ಕಾಗದಕ್ಕೂ ನಮ್ಮ ಚೀಲಕ್ಕೂ ನಡುವೆ ಇನ್ನೂ 20 ಕಿಲೊ ಅಂತರವಿದೆ.

ಹೊರೆ, ಕೂಲಿ ಎರಡೂ ದೊಡ್ಡ ವಿಷಯಗಳೇ. ಆದರೆ ಈ ವಾರ ನಾನು ಹೇಳಹೊರಟಿರುವುದು ಅದಕ್ಕಿಂತ ಮೊದಲಿನ ಒಂದು ಸಂಗತಿಯನ್ನು. ಆ ಹಮಾಲನ ಹೆಸರು ಎಲ್ಲಿಯಾದರೂ ಬರೆದಿದೆಯೇ? ಬರೆದಿದ್ದರೆ ಯಾರ ಪುಸ್ತಕದಲ್ಲಿ? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ದುಡಿಯುವವರ ಚರಿತ್ರೆಯನ್ನು ಈ ಒಂದೇ ಪ್ರಶ್ನೆಯ ದಾರಿಯಲ್ಲಿ ಓದಬಹುದು ಎಂದು ನನಗೆ ಅನಿಸಿದೆ.

ಮೊದಲು ಶಬ್ದಗಳನ್ನೇ ನೋಡಿ. ಹಮಾಲ ಎಂಬುದು ಅರಬ್ಬಿಯಿಂದ ಬಂದದ್ದು, ಹೊರುವವನು ಎಂದರ್ಥ. ಮಜೂರ ಪಾರಸಿಯ ಮಜ್ದೂರನೇ. ಹಾಜರಿಯೂ ಅರಬ್ಬಿ ಮೂಲದ್ದು. ಮಸ್ಟರ್ ಇಂಗ್ಲಿಷಿನದು. ಕೂಲಿ ಮಾತ್ರ ನಮ್ಮ ದ್ರಾವಿಡ ನುಡಿಗಳದೇ ಮಾತು. ದುಡಿಮೆ ನಮ್ಮದು, ಅದರ ಲೆಕ್ಕ ಬರೆಯುವ ಶಬ್ದಗಳು ಆಳಿದವರವು. ಇದು ಬರಿಯ ಭಾಷೆಯ ಆಕಸ್ಮಿಕ ಇರಲಿಕ್ಕಿಲ್ಲ.

1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮನ ರಾಜ್ಯದಲ್ಲಿತ್ತು, ರಾಯಚೂರು ಜಿಲ್ಲೆಯ ಭಾಗ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಆ ಕಾಲದ ಹಳ್ಳಿಯಲ್ಲಿ ದುಡಿಯುವವನ ಹೆಸರು ಎಲ್ಲಿಯೂ ಇರಲಿಲ್ಲ ಎನ್ನುವಂತಿಲ್ಲ. ಇತ್ತು, ಸಾಹುಕಾರನ ಸಾಲದ ವಹಿಯಲ್ಲಿ ಇತ್ತು. ಮಗಳ ಮದುವೆಗೋ ಬರಗಾಲದ ಹೊಟ್ಟೆಗೋ ತಂದ ಹಣ, ಅದರ ಬಡ್ಡಿ, ಕೆಳಗೆ ಹೆಬ್ಬೆಟ್ಟು. ದುಡಿದ ದಿನಗಳಿಗೆ ಅದರಲ್ಲಿ ಕಾಲಮ್ಮೇ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡರೆ ಮಗ ಅದೇ ಪುಟಕ್ಕೆ ದುಡಿಯಬೇಕು. ನಮ್ಮ ಕಡೆ ಇದಕ್ಕೆ ಜೀತ ಎಂದರು, ನಿಜಾಮ ಸರ್ಕಾರದ ದಫ್ತರದಲ್ಲಿ ಭಗೇಲಾ ಎಂದರು. 1936ರಲ್ಲಿ ಆ ಸರ್ಕಾರವೇ ಭಗೇಲಾ ಕರಾರುಗಳಿಗೆ ಮಿತಿ ಹಾಕುವ ಕಾನೂನು ತಂದಿತು. ಹೈದರಾಬಾದಿನಲ್ಲಿ ಕಾನೂನು ಬಂದ ಸುದ್ದಿ ಜಹಗೀರಿನ ಹಳ್ಳಿಯ ಹೊಲದ ಬದುವಿಗೆ ತಲುಪಬೇಕಲ್ಲ!

1949ರ ಆಗಸ್ಟಿನಲ್ಲಿ ಹೈದರಾಬಾದಿನ ಜಹಗೀರುಗಳು ರದ್ದಾದವು. ಜೀತ ರದ್ದಾಗಲು ಇನ್ನೂ ಇಪ್ಪತ್ತಾರು ವರ್ಷ ಬೇಕಾಯಿತು. 1975ರ ಅಕ್ಟೋಬರ್ 25ರಂದು ಸುಗ್ರೀವಾಜ್ಞೆ, ಮರುವರ್ಷ ಅದೇ ಕಾಯಿದೆ. ಆ ಕಾಯಿದೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಕಲಮು ಇದೆ. ಸಾಲವು ಜೀತದ ಸಾಲವೆಂದು ದುಡಿಯುವವನು ಹೇಳಿದರೆ ಸಾಕು, ಅದು ಅಂಥದ್ದಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಸಾಮಾನ್ಯವಾಗಿ ಕೋರ್ಟಿನಲ್ಲಿ ಹೇಳಿದವನೇ ರುಜುವಾತು ಮಾಡಬೇಕು. ಇಲ್ಲಿ ಕಾನೂನು ಆ ಕ್ರಮವನ್ನು ತಿರುಗಿಸಿತು, ಏಕೆಂದರೆ ಪುಸ್ತಕ ಯಾರ ಮನೆಯಲ್ಲಿದೆ ಎಂಬುದು ಕಾನೂನು ಬರೆದವರಿಗೆ ತಿಳಿದಿತ್ತು.

ಹಾಗಾದರೆ ಹೆಸರು ಬರೆಸಿಕೊಳ್ಳುವುದೆಲ್ಲ ದುಡಿಯುವವನಿಗೆ ಒಳ್ಳೆಯದೇ? ಅಲ್ಲ. ಇದಕ್ಕೆ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ ನಡೆದದ್ದು ಸಾಕ್ಷಿ. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಆ ಗಣಿಗಳಲ್ಲಿ 1930ರಲ್ಲಿ ಕೂಲಿಗಳ ಬೆರಳಚ್ಚು ತೆಗೆದು ನೋಂದಾಯಿಸುವ ಹೊಸ ಪದ್ಧತಿ ತಂದರು. ಆ ಏಪ್ರಿಲ್‌ನಲ್ಲಿ ಸಾವಿರಾರು ಗಣಿ ಕಾರ್ಮಿಕರು ಅದರ ವಿರುದ್ಧ ಕೆಲಸ ನಿಲ್ಲಿಸಿದರು, ಮುಷ್ಕರ ಸುಮಾರು ಮೂರು ವಾರ ನಡೆಯಿತು. ಬೆರಳಚ್ಚು ಕಳ್ಳರಿಂದ ತೆಗೆದುಕೊಳ್ಳುವ ಗುರುತು ಎಂದು ತಿಳಿದವರಿಗೆ ಅದು ಅವಮಾನ. ಒಂದು ಗಣಿಯಲ್ಲಿ ಕೆಲಸ ಬಿಟ್ಟವನನ್ನು ಇನ್ನೊಂದರ ಬಾಗಿಲಲ್ಲಿ ಹಿಡಿಯಲಿಕ್ಕೂ ಅದೇ ಸಾಧನ. ಅಂದರೆ ಬರೆಯುವುದಷ್ಟೇ ಮುಖ್ಯವಲ್ಲ, ಬರೆದದ್ದನ್ನು ನೋಡುವ ಹಕ್ಕು ಯಾರಿಗಿದೆ, ಅದನ್ನು ಎತ್ತಿ ತೋರಿಸಿ ಏನಾದರೂ ಕೇಳಬಲ್ಲವರು ಯಾರು ಎಂಬುದು ಮುಖ್ಯ.

ಮತ್ತೆ ನಮ್ಮ ಕಡೆಗೆ ಬರೋಣ. 1945ರ ಫೆಬ್ರವರಿ 28ರಂದು ತುಂಗಭದ್ರೆಗೆ ಅಡಿಗಲ್ಲು ಬಿತ್ತು, ಈಚೆ ದಂಡೆಗೆ ಹೈದರಾಬಾದ್ ರಾಜ್ಯ, ಆಚೆ ದಂಡೆಗೆ ಮದರಾಸು. 1953ರಲ್ಲಿ ನೀರು ನಿಂತಿತು. ಇದು ಕಲ್ಲಿನ ಅಣೆಕಟ್ಟು, ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಕಲ್ಲು ಒಡೆದವರು, ಗಾರೆ ಅರೆದವರು, ಬುಟ್ಟಿ ಹೊತ್ತವರು ಸಾವಿರಗಟ್ಟಲೆ ಜನ. ಮುನಿರಾಬಾದಿಗೆ ಪ್ರವಾಸ ಹೋದ ಮಕ್ಕಳಿಗೆ ಅಣೆಕಟ್ಟಿಗೆ ಎಷ್ಟು ಗೇಟು ಎಂದು ಕೇಳಿದರೆ 33 ಎಂದು ಹೇಳುತ್ತಾರೆ. ಕಟ್ಟಿದ ಒಬ್ಬ ಒಡ್ಡನ ಹೆಸರು ಹೇಳು ಎಂದರೆ ಮಕ್ಕಳಿಗಿರಲಿ, ಮಾಸ್ತರರಿಗೂ ಬಾರದು.

ಎಪ್ಪತ್ತೊಂದು ವರ್ಷದ ನಂತರ, 2024ರ ಆಗಸ್ಟ್ 10ರ ರಾತ್ರಿ, 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎರಡನೆಯ ಬೆಳೆಯ ನೀರು ಹೊಳೆ ಪಾಲಾಗುವುದನ್ನು ನಾಲ್ಕು ಜಿಲ್ಲೆಯ ರೈತರು ನೋಡುತ್ತ ನಿಂತರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ 17ನೇ ತಾರೀಖಿನ ಹೊತ್ತಿಗೆ ನೀರು ನಿಲ್ಲಿಸಿದರು. ಒಂದು ವಾರ ನಾಡಿನ ಕಣ್ಣು ಕೂಲಿಯವರ ಕೈಮೇಲೆ ಇತ್ತು. ಅಂಥ ವಾರಗಳು ವಿರಳ.

ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಯ ಎರೆಭೂಮಿ ಗದ್ದೆಯಾಯಿತು, ಆಂಧ್ರದ ಕರಾವಳಿಯಿಂದ ಬಂದ ರೈತರ ಕ್ಯಾಂಪುಗಳಾದವು, ಗಂಗಾವತಿ ಕಾರಟಗಿಗಳಲ್ಲಿ ಅಕ್ಕಿ ಗಿರಣಿಗಳ ಸಾಲೇ ಎದ್ದಿತು. ಅವುಗಳ ಜೊತೆಗೆ ಹಮಾಲರೂ ಬಂದರು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಮಾರುಕಟ್ಟೆ ಪ್ರಾಂಗಣದಲ್ಲಿ ದಲಾಲ, ತೂಕದವರ ಜೊತೆ ಹಮಾಲನಿಗೂ ಲೈಸೆನ್ಸ್ ಕೊಡುವ ವ್ಯವಸ್ಥೆ ಮಾಡಿತು. ಬೆವರಿನಿಂದ ಒದ್ದೆಯಾಗುವ ಆ ಸಣ್ಣ ಕಾಗದವನ್ನು ಹಗುರವಾಗಿ ಕಾಣಬೇಡಿ. ಲೈಸೆನ್ಸ್ ಇದ್ದವನು ಮಾರುಕಟ್ಟೆ ಸಮಿತಿಯ ಲೆಕ್ಕದ ಮನುಷ್ಯ. ಚೀಲಕ್ಕೆ ಹಮಾಲಿ ಎಷ್ಟು ಎಂದು ಮಾತಿಗೆ ಕೂತಾಗ ಅವನ ಸಂಘಕ್ಕೆ ಒಂದು ಕುರ್ಚಿ ಇರುತ್ತದೆ. ಸುಗ್ಗಿಯ ನಾಲ್ಕು ದಿನ ಹಮಾಲರು ಕೈಕಟ್ಟಿ ನಿಂತರೆ ಪೇಟೆಯೇ ನಿಲ್ಲುತ್ತದೆ ಎಂಬುದು ದಲಾಲರಿಗೂ ಗೊತ್ತು. ಅದೇ ಹಮಾಲ ಪ್ರಾಂಗಣದ ಗೇಟು ದಾಟಿ ಮೇಸ್ತ್ರಿಯ ಹಿಂದೆ ಒಂದು ಗಿರಣಿಗೆ ಹೋದರೆ? ಅಲ್ಲಿ ಅವನು ಮತ್ತೆ ಮೇಸ್ತ್ರಿಯ ಡೈರಿಯಲ್ಲಿನ ಒಂದು ಗೀಟು.

ಪುಣೆಯಲ್ಲಿ ಡಾ. ಬಾಬಾ ಆಢಾವ್ ಅವರು 1950ರ ದಶಕದಲ್ಲಿ ಹಮಾಲ ಪಂಚಾಯತಿ ಕಟ್ಟಿದರು. ಮಹಾರಾಷ್ಟ್ರ ಸರ್ಕಾರ 1969ರಲ್ಲಿ ಮಾಥಾಡಿ ಹಾಗೂ ಹಮಾಲರಿಗೆಂದೇ ಕಾಯಿದೆ ಮಾಡಿತು. ಅದರ ಉಪಾಯ ಸರಳವಾದದ್ದು. ಹಮಾಲನೂ ಮಂಡಳಿಯಲ್ಲಿ ನೋಂದಣಿಯಾಗಬೇಕು, ಮಾಲೀಕನೂ ಆಗಬೇಕು. ಕೂಲಿಯ ಜೊತೆಗೆ ಮಾಲೀಕ ಲೆವಿ ಕಟ್ಟಬೇಕು, ಭವಿಷ್ಯನಿಧಿ ರಜೆಗಳ ಹಣ ಅದರಿಂದ ಹುಟ್ಟಬೇಕು. ಯಾರ ಗೋದಾಮಿನಲ್ಲಿ ಹೊತ್ತರೂ ಹೆಸರು ಒಂದೇ ಪುಸ್ತಕದಲ್ಲಿ. ನಮ್ಮಲ್ಲಿ ಅಸಂಘಟಿತರ ಅಂಬೇಡ್ಕರ್ ಸಹಾಯಹಸ್ತ ಯೋಜನೆಯಲ್ಲಿ ಹಮಾಲರಿಗೂ ಕಾರ್ಡು ಕೊಟ್ಟಿದ್ದಾರೆ. ಒಳ್ಳೆಯದು. ಆದರೆ ಆ ಕಾರ್ಡಿನಲ್ಲಿ ಹಮಾಲನ ಹೆಸರಿದೆ, ಮಾಲೀಕನ ಹೆಸರಿಲ್ಲ. ಅರ್ಧ ಬರೆದ ಪುಸ್ತಕವೆಂದೇ ನಾನು ಅದನ್ನು ಕರೆಯುತ್ತೇನೆ.

ಕಾಲುವೆ ಏರದ ಕುಷ್ಟಗಿ, ಯಲಬುರ್ಗಾಗಳ ಕತೆ ಬೇರೆ. ಮಳೆ ಕೈಕೊಟ್ಟರೆ ಗುಳೆ. ಬೆಂಗಳೂರು, ಮಂಗಳೂರು, ಗೋವಾ. ಗಂಟುಮೂಟೆ ಕಟ್ಟಿ ಬಸ್ಸು ಹತ್ತಿದವರಿಗೆ ಊರಿನ ಪುಸ್ತಕದಲ್ಲಿ ಗೈರುಹಾಜರಿ, ಹೋದ ಊರಿನ ಪುಸ್ತಕದಲ್ಲಿ ಹೆಸರೇ ಇಲ್ಲ. ಇದು ಎಷ್ಟು ದೊಡ್ಡ ಕೊರತೆ ಎಂಬುದು 2020ರ ಲಾಕ್‌ಡೌನ್‌ನಲ್ಲಿ ಎಲ್ಲರಿಗೂ ಕಾಣಿಸಿತು. ಎಷ್ಟು ಜನ ಎಲ್ಲೆಲ್ಲಿ ಸಿಕ್ಕಿಕೊಂಡಿದ್ದಾರೆಂದು ಯಾವ ಕಚೇರಿಗೂ ಗೊತ್ತಿರಲಿಲ್ಲ. ಮನೆಗೆ ಮರಳುವ ದಾರಿಯಲ್ಲಿ ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಆ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರಿಸಿತು. ಬದುಕಿದ್ದಾಗ ಬರೆಯದ ಹೆಸರು ಸತ್ತಾಗ ಎಲ್ಲಿಂದ ಬರಬೇಕು? 2021ರ ಆಗಸ್ಟಿನಲ್ಲಿ ಇ-ಶ್ರಮ್ ನೋಂದಣಿ ಶುರುವಾಯಿತು.

ಗುಳೆ ಹೋದವರಲ್ಲಿ ಬಹುಪಾಲು ಕಟ್ಟಡ ಕೆಲಸಕ್ಕೆ ಬೀಳುತ್ತಾರೆ. ಕಟ್ಟಡ ಕಾರ್ಮಿಕರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1996ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ಸು, ಆ ಹಣದಿಂದ ಕಾರ್ಮಿಕರ ಕಲ್ಯಾಣ. ಕರ್ನಾಟಕದ ಮಂಡಳಿ 2007ರಲ್ಲಿ ರಚನೆಯಾಯಿತು. 18ರಿಂದ 60ರ ವಯಸ್ಸಿನವರು, ಹಿಂದಿನ ವರ್ಷದಲ್ಲಿ 90 ದಿನ ದುಡಿದಿದ್ದರೆ ನೋಂದಣಿ. ಮಕ್ಕಳ ಓದಿಗೆ ಸಹಾಯಧನವೂ ಇದರಲ್ಲಿದೆ. ನಿಮ್ಮ ತರಗತಿಯಲ್ಲಿ ಈ ಅರ್ಜಿ ತುಂಬಿದ ಗೆಳೆಯರು ಇದ್ದೇ ಇರುತ್ತಾರೆ.

ಈ 90 ದಿನದ ಪ್ರಮಾಣಪತ್ರದಲ್ಲಿಯೇ ಎಲ್ಲ ಇಕ್ಕಟ್ಟು. ಬೆಂಗಳೂರಿನಲ್ಲಿ ಮೂರು ಸೈಟು, ಮೂವರು ಮೇಸ್ತ್ರಿಗಳ ಕೈಕೆಳಗೆ ದುಡಿದ ಯಲಬುರ್ಗಾದ ತಾಯಿಗೆ ಯಾರು ಸಹಿ ಹಾಕಿ ಕೊಡಬೇಕು? ಮಾಲೀಕ ಕೊಡಬಹುದು, ಕಾರ್ಮಿಕ ಇಲಾಖೆಯವರು ಕೊಡಬಹುದು, ಪಂಚಾಯತಿಯ ಅಧಿಕಾರಿ ಕೊಡಬಹುದು ಎಂಬ ವ್ಯವಸ್ಥೆ ಮಾಡಿದರು. ನೋಂದಾಯಿತ ಕಾರ್ಮಿಕ ಸಂಘವೂ ಕೊಡಬಹುದು ಎಂಬುದು ಸಂಘಟನೆಗೆ ಸಿಕ್ಕ ದೊಡ್ಡ ಮಾನ್ಯತೆ. ಆ ಮಾನ್ಯತೆಯನ್ನು ಮಾರಿಕೊಂಡವರೂ ಇದ್ದಾರೆ, ಮುಚ್ಚಿಡುವುದೇಕೆ. ಕರಣೆ ಹಿಡಿಯದವರಿಗೂ ಕಾರ್ಡು ಮಾಡಿಸಿಕೊಟ್ಟ ದಲ್ಲಾಳಿಗಳಿಂದಾಗಿ ಇಲಾಖೆ ನಕಲಿ ಕಾರ್ಡುಗಳನ್ನು ಹುಡುಕಿ ರದ್ದು ಮಾಡಬೇಕಾಯಿತು. ಆ ಜರಡಿಯಲ್ಲಿ ನಿಜವಾದ ಗೌಂಡಿಯೂ ತನ್ನ ಹೆಸರು ಉಳಿಸಿಕೊಳ್ಳಲು ಮತ್ತೆ ಕಾಗದ ಹಿಡಿದು ಅಲೆಯಬೇಕು. 2023ರಲ್ಲಿ ಮಕ್ಕಳ ಶೈಕ್ಷಣಿಕ ಸಹಾಯಧನದ ಮೊತ್ತವನ್ನೇ ಸರ್ಕಾರ ಇಳಿಸಿತು. ಸಂಘಟನೆಗಳು ಬೀದಿಗಿಳಿದವು, ವಿದ್ಯಾರ್ಥಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು.

ಊರಲ್ಲಿಯೇ ಉಳಿದವರಿಗೆ 2005ರ ಉದ್ಯೋಗ ಖಾತರಿ ಕಾಯಿದೆ ಜಾಬ್ ಕಾರ್ಡು ಕೊಟ್ಟಿತು. ಅದರಲ್ಲಿ ನನಗೆ ಹಿಡಿಸಿದ್ದು ಕೆಲಸ ಕೇಳುವ ನಮೂನೆ 6. ಅದನ್ನು ಕೊಟ್ಟು ತಾರೀಖು ಹಾಕಿದ ಸ್ವೀಕೃತಿ ಪಡೆದರೆ ಹದಿನೈದು ದಿನದಲ್ಲಿ ಕೆಲಸ, ಇಲ್ಲವಾದರೆ ಭತ್ಯೆ. ಪಂಚಾಯತಿಯಲ್ಲಿ ಸ್ವೀಕೃತಿ ಕೊಡಲು ಹಿಂದೆಗೆಯುತ್ತಿದ್ದುದು ಅದಕ್ಕೇ, ಆ ತುಂಡುಕಾಗದ ಕೈಸೇರಿದರೆ ಕೂಲಿಯವಳ ಕೈಯಲ್ಲಿ ಸಾಕ್ಷಿ ಇದ್ದಂತೆ. ಉತ್ತರ ಕರ್ನಾಟಕದ ಕೂಲಿಕಾರರ ಸಂಘಟನೆಗಳು ಎಷ್ಟೋ ಧರಣಿಗಳನ್ನು ಕೂತದ್ದು ಕೂಲಿಗಾಗಿ ಅಲ್ಲ, ಈ ಸ್ವೀಕೃತಿಗಾಗಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯಿದೆಯ ಜಾಗಕ್ಕೆ ಬೇರೊಂದನ್ನು ತಂದಿತು. ಅದರ ಗುಣದೋಷಕ್ಕೆ ಇನ್ನೊಂದು ವಾರ ಬೇಕು.

ಇನ್ನು ವಿದ್ಯಾರ್ಥಿಗಳು ದಿನವೂ ಕಾಣುವ ದುಡಿಮೆಯ ಮಾತು. ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ, ಅವುಗಳಲ್ಲಿ ಕೊಪ್ಪಳವೂ ಒಂದು. ಶಾಲೆಯ ಒಲೆಯ ಮುಂದೆ ನಿಂತ ಅಕ್ಕನ ಹೆಸರು ಶಾಲೆಯ ಹಾಜರಿಯಲ್ಲಿ ಇದೆ. ಬಂದ ದಿನ, ಬಾರದ ದಿನ ಎಲ್ಲ ಅದರಲ್ಲಿ ಸಿಗುತ್ತದೆ. ಹಾಗಿದ್ದರೆ ಆಕೆಯ ಪ್ರಶ್ನೆ ಮುಗಿಯಿತೇ? ಇಲ್ಲ. ಆಕೆಗೆ ಕೊಡುವುದಕ್ಕೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 2009ರ ಡಿಸೆಂಬರಿನಲ್ಲಿ ಕೇಂದ್ರ ಅದನ್ನು ತಿಂಗಳಿಗೆ 1000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಎಂದು ಗೊತ್ತುಮಾಡಿತು. ಆಮೇಲೆ ಆದ ಏರಿಕೆ ರಾಜ್ಯಗಳು ತಮ್ಮ ಕಡೆಯಿಂದ ಸೇರಿಸಿದ್ದು, ಅದೂ ಸಂಘ ಕಟ್ಟಿ ಬೆಂಗಳೂರಿಗೆ ಹೋಗಿ ಬೀದಿಯಲ್ಲಿ ಕೂತ ಮೇಲೆ. ಗೌರವಧನ ಎಂಬ ಪದ ಕೇಳಲಿಕ್ಕೆ ಇಂಪಾಗಿದೆ. ಆದರೆ ಗೌರವಕ್ಕೆ ಕನಿಷ್ಠ ಮಿತಿಯನ್ನು ಯಾವ ಕಾಯಿದೆಯೂ ಗೊತ್ತುಮಾಡಿಲ್ಲ. ಕೂಲಿಗಾದರೆ 1948ರಿಂದಲೇ ಕನಿಷ್ಠ ಕೂಲಿ ಕಾನೂನು ಇದೆ.

ಇದೇ ಪದದ ಮೇಲೆ ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರು ಸುಪ್ರೀಂ ಕೋರ್ಟಿನವರೆಗೆ ಹೋದರು. 2022ರ ಏಪ್ರಿಲ್ 25ರಂದು ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ ಮತ್ತು ಅಭಯ್ ಓಕಾ ಅವರ ಪೀಠ ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು, ಹೆಸರು ಗೌರವಧನವಾದರೂ ಆ ಕಾಯಿದೆಯ ಮಟ್ಟಿಗೆ ಅದು ವೇತನವೇ ಎಂದಿತು. ಮರುವರ್ಷದ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನಮ್ಮ ಅಂಗನವಾಡಿಯವರು ಚಳಿಯಲ್ಲಿ ಹಗಲುರಾತ್ರಿ ಕೂತಾಗ ಗ್ರಾಚ್ಯುಟಿ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಒಂದು ಶಬ್ದದ ಅರ್ಥ ಬದಲಾಯಿಸಲು ಎಷ್ಟು ಊರುಗಳ ಹೆಂಗಸರು ಎಷ್ಟು ರಾತ್ರಿ ಬೀದಿಯಲ್ಲಿ ಮಲಗಬೇಕಾಯಿತು ನೋಡಿ.

ಸಂಘ ಎಂದರೆ ಏನೋ ದೊಡ್ಡ ಸಂಗತಿ ಎಂದು ಪಾಲಕರು ಹೆದರುವುದುಂಟು. 1926ರ ಕಾರ್ಮಿಕ ಸಂಘಗಳ ಕಾಯಿದೆಯ ಪ್ರಕಾರ ನೋಂದಣಿಗೆ ಅರ್ಜಿ ಹಾಕಲು ಏಳು ಜನ ಸಾಕಿತ್ತು. ಸದಸ್ಯತ್ವದ ಕನಿಷ್ಠ ಚಂದಾ ಗ್ರಾಮೀಣ ಕೂಲಿಗಳಿಗೆ ವರ್ಷಕ್ಕೆ ಒಂದು ರೂಪಾಯಿ ಎಂದು 2001ರ ತಿದ್ದುಪಡಿ ಹೇಳಿತು. ಆ ರೂಪಾಯಿಗಿಂತ ಅದಕ್ಕೆ ಕೊಡುವ ಪಾವತಿ ಚೀಟಿ ದೊಡ್ಡದು. ಸದಸ್ಯರ ಪಟ್ಟಿ ಇಡಬೇಕು, ಲೆಕ್ಕ ಇಡಬೇಕು, ಸದಸ್ಯ ಕೇಳಿದರೆ ತೋರಿಸಬೇಕು ಎಂಬುದು ಕಾನೂನು. ದುಡಿಯುವವನು ತಾನೇ ತೆರೆದು ನೋಡಬಹುದಾದ ಮೊದಲ ಪುಸ್ತಕ ಅದು. ನಮ್ಮ ಕೆಲವು ಮುಖಂಡರು ಭಾಷಣಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ಈ ಪುಸ್ತಕಕ್ಕೆ ಕೊಟ್ಟಿದ್ದರೆ ಎಷ್ಟೋ ಸಂಘಗಳು ಒಡೆಯುತ್ತಿರಲಿಲ್ಲ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹಳೆಯ 29 ಕಾನೂನುಗಳು, ಮೇಲೆ ಹೇಳಿದವುಗಳಲ್ಲಿ ಕೆಲವು ಸೇರಿದಂತೆ, ಅವುಗಳಲ್ಲಿ ಕರಗಿದವು. ಮುಷ್ಕರಕ್ಕೆ ಮುಂಚಿತ ನೋಟಿಸಿನ ಕಟ್ಟು ಬಿಗಿಯಾಯಿತು. ಮುನ್ನೂರಕ್ಕಿಂತ ಕಡಿಮೆ ಆಳುಗಳಿರುವ ಕಾರ್ಖಾನೆ ಸರ್ಕಾರದ ಅನುಮತಿಯಿಲ್ಲದೆ ಕೆಲಸದವರನ್ನು ತೆಗೆಯಬಹುದಾಯಿತು. ಇದರ ವಿರುದ್ಧವೇ ಅದೇ ವರ್ಷದ ಜುಲೈ 9ರಂದು ಕಾರ್ಮಿಕ ಸಂಘಗಳು ದೇಶವ್ಯಾಪಿ ಮುಷ್ಕರ ಮಾಡಿದ್ದವು. ಅವರ ಆಕ್ಷೇಪಗಳಲ್ಲಿ ಹುರುಳಿದೆ. ಆದರೂ ಆ ಸಂಹಿತೆಗಳಲ್ಲಿ ಒಂದು ಸಾಲು ಈ ಲೇಖನದ ಮಾತಿಗೆ ನೇರ ಸಂಬಂಧಪಟ್ಟದ್ದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು.

ಹತ್ತಕ್ಕಿಂತ ಹೆಚ್ಚು ಜನ ದುಡಿಯುವ ಅಕ್ಕಿ ಗಿರಣಿಗಳು ಗಂಗಾವತಿ ಕಾರಟಗಿಗಳಲ್ಲಿ ಬೇಕಾದಷ್ಟಿವೆ. 75 ಕಿಲೊದ ಚೀಲ ಹೊರುವವನಿಗೆ ಆ ಪತ್ರ ಬರಬೇಕಾದರೆ ಅದು ಗಿರಣಿಯ ಹೆಸರಿನಲ್ಲಿ ಬರಬೇಕೇ, ಅವನನ್ನು ಕರೆತಂದ ಮೇಸ್ತ್ರಿಯ ಹೆಸರಿನಲ್ಲಿಯೇ? ಗಿರಣಿ ಮೇಸ್ತ್ರಿಯನ್ನು ತೋರಿಸಿದರೆ, ಮೇಸ್ತ್ರಿ ತನ್ನ ಹತ್ತಿರ ಇರುವುದು ಒಂಬತ್ತೇ ಜನ ಎನ್ನಬಹುದು.